ಎಡಗಡೆಯ ಬ್ರೇಕು

"ಒತ್ತು" ಎಂದ ಶಶಿರಾಜ, ಕಾರಿನ ಮುಂಚಕ್ರದ ಹತ್ತಿರ ನೆಲದಲ್ಲಿ ಮಲಗಿಕೊಂಡು.

ಸಾಧನಾ ಬ್ರೇಕಿನ ಪೆಡಲ್ ಒತ್ತಿದಳು.

"ಹಿಡಿ."

ಹಿಡಿದಳು.

"ಬಿಡು... ಅಯ್ಯೋ, ಈಗ ಅಲ್ಲ ಮಾರಾಯ್ತಿ! ನಾನು ನಿಪ್ಪಲ್ ಬಿಗಿ ಮಾಡಿದ ಮೇಲೆ ಬಿಡ್ಬೇಕು. ಈಗ ಬಿಟ್ರೆ ಗಾಳಿ ವಾಪಸ್ ಒಳಗೆ ಹೋಗ್ತದೆ."

"ಬಿಡು ಅಂತ ಹೇಳಿದ್ದು ನೀವೇ."

"ಬಿಡು ಅಂದ್ರೆ ಬಿಡ್ಲಿಕ್ಕೆ ತಯಾರಾಗು ಅಂತ ಅರ್ಥ. ಅಷ್ಟು ಅಂದಾಜು ಬೇಡ್ವಾ?"

ಸಾಧನಾ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದಿನ ಗಾಜಿನಾಚೆ ನೋಡುತ್ತ ಕುಳಿತಳು. ಅಂಗಳದಲ್ಲಿ ಕಣ್ಣು ಕುಕ್ಕುವಂಥ ಬಿಸಿಲು. ಆ ಬಿಸಿಲಿನಲ್ಲಿ ಅವಳ ಗಂಡ ಹಣೆಗೆ ದೀಪ ಕಟ್ಟಿಕೊಂಡಿದ್ದ. ಗಣಿಯೊಳಗೆ ಇಳಿಯುವವರು ಕಟ್ಟಿಕೊಳ್ಳುವಂಥ ದೀಪ. ಅದು ಉರಿಯುತ್ತಲೂ ಇತ್ತು. ಕೈಗೆ ನೀಲಿ ಗವಸು, ಮೊಣಕಾಲಿಗೆ ಸ್ಪಂಜಿನ ಪಟ್ಟಿ. ಪಕ್ಕದ ಸ್ಟೂಲಿನ ಮೇಲೆ ಮೊಬೈಲು, ಅದರಲ್ಲಿ ಯಾವನೋ ಒಬ್ಬ ಹಿಂದಿಯಲ್ಲಿ ಬ್ರೇಕು ರಿಪೇರಿ ಕಲಿಸುತ್ತಿದ್ದ. ಶಶಿರಾಜನಿಗೆ ಹಿಂದಿ ಅಷ್ಟಕ್ಕಷ್ಟೆ. ಚಿತ್ರ ನೋಡಿದರೆ ಸಾಕು, ತಲೆ ಇದ್ದವನಿಗೆ ಭಾಷೆ ಯಾಕೆ ಎನ್ನುವುದು ಅವನ ವಾದ.

ತಲೆ ಇದ್ದವನು! ಈ ತಲೆಯ ವೈಭವವನ್ನು ಸಾಧನಾ ಮದುವೆಯಾದ ಲಾಗಾಯ್ತಿನಿಂದ ನೋಡುತ್ತಿದ್ದಾಳೆ. ಸಹಕಾರಿ ಸಂಘದ ಕೆಲಸವನ್ನು 'ಅಲ್ಲಿ ಬುದ್ಧಿಗೆ ಬೆಲೆಯಿಲ್ಲ' ಎಂದು ಬಿಟ್ಟು ಬಂದ ಮೇಲೆ ಆ ತಲೆ ಮನೆಯ ಮೇಲೆಯೇ ಎರಗಿತ್ತು. ಮೊದಲು ಜೇನು ಸಾಕಿದ. ಜೇನುಗಳು ಪೆಟ್ಟಿಗೆ ಬಿಟ್ಟು ಪಕ್ಕದ ಮನೆಯ ನೀರಿನ ಟಾಂಕಿಯ ಅಡಿಯಲ್ಲಿ ಗೂಡು ಕಟ್ಟಿದವು. ಆಮೇಲೆ ತಾರಸಿಯ ಮೇಲೆ ಮಣ್ಣಿಲ್ಲದೆ ಹರಿವೆ ಬೆಳೆಯಲು ಹೊರಟ. ತಾರಸಿ ಸೋರಲು ಶುರುವಾಯಿತು. ಮಿಕ್ಸಿ ಬಿಚ್ಚಿ ಜೋಡಿಸಿದ. ಅದು ಚಟ್ನಿ ಕಡೆಯುವುದನ್ನು ಬಿಟ್ಟು ಬೇರೆಲ್ಲ ಶಬ್ದ ಮಾಡಿತು. ಪ್ರತಿಸಲವೂ ಕೊನೆಗೆ ತಪ್ಪು ಬೇರೆ ಯಾರದ್ದೋ ಆಗಿರುತ್ತಿತ್ತು. ಜೇನಿನದ್ದು, ಸಿಮೆಂಟಿನದ್ದು, ಕರೆಂಟಿನವರದ್ದು. ಇವತ್ತು ಪೆಡಲ್ ಮೇಲೆ ಕಾಲಿಟ್ಟು ಕುಳಿತಿರುವುದು ತಾನು. ಆದ್ದರಿಂದ ಇವತ್ತಿನ ತಪ್ಪಿಗೂ ಒಡತಿ ಸಿಕ್ಕಿದಂತಾಯಿತು ಎಂದು ಸಾಧನಾಳಿಗೆ ಮೊದಲ 'ಒತ್ತು' ಕೇಳಿದಾಗಲೇ ಅನಿಸಿತ್ತು.

ಕಾರೇನೂ ಅವನ ಆಟಕ್ಕೆ ಸಿಕ್ಕಬೇಕಾದ ಕಾರಲ್ಲ. ಅದು ಕಲಿಸುವ ಕಾರು. ನೆತ್ತಿಯ ಮೇಲೆ ಹಳದಿ ಬೋರ್ಡು: 'ಸಾಧನಾ ಡ್ರೈವಿಂಗ್ ಸ್ಕೂಲ್, ಮಹಿಳೆಯರಿಗೆ ಮಹಿಳೆಯರಿಂದ.' ಅದರ ಕೆಳಗೆ, ಮಹಿಳೆಯರ ನಡುವೆ ಇದೇನು ಎಂದು ನೋಡಿದವರು ಕೇಳುವಂತೆ, 'ಮಾಲಕರು: ಶಶಿರಾಜ್ ಜೈನ್.' ಬಂಟ್ವಾಳದಲ್ಲೂ ಬಿ.ಸಿ.ರೋಡಿನಲ್ಲೂ ಸ್ಕೂಟರು, ಕಾರು ಓಡಿಸುವ ಎಷ್ಟೋ ಟೀಚರುಗಳು, ನರ್ಸುಗಳು, ಬ್ಯಾಂಕಿನ ಹುಡುಗಿಯರು ಅವಳ ಪಕ್ಕದಲ್ಲಿ ಕುಳಿತು ಕಲಿತವರು. ಮಾಲಕರು ಯಾರಿಗೂ ಒಂದು ದಿನ ಗೇರು ಹಾಕಲು ಕಲಿಸಿದವರಲ್ಲ. ಅವರಿಗೆ ತಾಳ್ಮೆಯಿಲ್ಲ; ಹೆಂಗಸರು ಕ್ಲಚ್ ಬಿಡುವ ರೀತಿ ನೋಡಿದರೆ ಅವರಿಗೆ ತಲೆನೋವು ಬರುತ್ತದೆ.

ಆ ಕಾರಿನಲ್ಲಿ ಎರಡು ಬ್ರೇಕು. ಓಡಿಸುವವರ ಕಾಲ ಬಳಿ ಒಂದು. ಎಡಗಡೆಯ ಸೀಟಿನಲ್ಲಿ ಕೂರುವ ಸಾಧನಾಳ ಕಾಲ ಬಳಿ ಇನ್ನೊಂದು. ಎರಡನ್ನೂ ಕಬ್ಬಿಣದ ಒಂದು ಸರಳು ಜೋಡಿಸುತ್ತದೆ. ಕಲಿಯುವ ಹುಡುಗಿ ಗಾಬರಿಯಾಗಿ ಬ್ರೇಕಿನ ಬದಲು ಎಕ್ಸಲರೇಟರ್ ತುಳಿದಾಗ ಎಡಗಡೆಯಲ್ಲಿ ಸಾಧನಾಳ ಕಾಲು ಇಳಿಯುತ್ತದೆ. ಬಾಯಿ ಬೈಯುವ ಮೊದಲೇ, ಕಣ್ಣು ಪೂರ್ತಿ ನೋಡುವ ಮೊದಲೇ ಇಳಿಯುತ್ತದೆ. ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ, ಸಂತೆಯ ದಿನದ ಪೇಟೆಯಲ್ಲಿ, ಶಾಲೆ ಬಿಟ್ಟ ಹೊತ್ತಿಗೆ, ಎಲ್ಲೆಲ್ಲೋ ಆ ಕಾಲು ಕೆಲಸ ಮಾಡಿತ್ತು. ಪೆಡಲ್ ಎಷ್ಟು ಇಳಿದರೆ ಚಕ್ರ ಹಿಡಿಯುತ್ತದೆ ಎಂದು ಅವಳಿಗೆ ಕಾಲಿನ ಅಡಿಯಿಂದಲೇ ಗೊತ್ತಾಗುತ್ತಿತ್ತು.

ಹಾಗೆಯೇ ಕಳೆದ ವಾರ ಬ್ರೇಕು ಒಂದು ಬದಿಗೆ ಎಳೆಯುತ್ತಿದೆ ಎಂದೂ ಗೊತ್ತಾಗಿತ್ತು. ಕೈಕುಂಜೆಯ ಗ್ಯಾರೇಜಿನ ಹನೀಫಾ ನೋಡಿ, ಮುಂದಿನ ಎರಡು ಚಕ್ರಗಳ ಕ್ಯಾಲಿಪರ್, ಅಂದರೆ ಚಕ್ರದ ತಟ್ಟೆಯನ್ನು ಎರಡು ಬದಿಯಿಂದ ಅದುಮಿ ಹಿಡಿಯುವ ಭಾಗ, ಬದಲಿಸಬೇಕು ಎಂದಿದ್ದ. ಅಷ್ಟರಲ್ಲಿ ಅವನ ತಂಗಿಯ ಮಗಳ ಮದುವೆ ಬಂತು, ಅವನು ಕಾಸರಗೋಡಿಗೆ ಹೋದ. "ಸೋಮವಾರ ಮಧ್ಯಾಹ್ನ ಬರ್ತೇನೆ ಮೇಡಂ, ಅಲ್ಲಿ ತನಕ ಕಾರು ತೆಗೀಬೇಡಿ" ಎಂದು ಹೇಳಿಯೇ ಹೋಗಿದ್ದ. ಸೋಮವಾರ ಬೆಳಿಗ್ಗೆ, ಅವಳಲ್ಲಿ ಕಲಿಯುತ್ತಿದ್ದ ಅಶ್ವಿತಾಳಿಗೆ ಲೈಸೆನ್ಸಿನ ಪರೀಕ್ಷೆಯಿತ್ತು. ಪರೀಕ್ಷೆಯನ್ನು ಮುಂದೆ ಹಾಕಿಸಿಕೊಳ್ಳುವ ಎಂದು ಸಾಧನಾ ಅಂದುಕೊಳ್ಳುತ್ತಿರುವಾಗಲೇ ಹನೀಫಾ ಹೇಳಿದ್ದು ಶಶಿರಾಜನ ಕಿವಿಗೆ ಬಿತ್ತು.

"ಎರಡು ಬೋಲ್ಟಿನ ಕೆಲಸ! ಅದಕ್ಕೆ ಕಾಸರಗೋಡಿನಿಂದ ಜನ ಬರ್ಬೇಕಾ? ಗ್ಯಾರೇಜಿನವರು ನಿಮ್ಮಂಥವರನ್ನು ನೋಡಿಯೇ ಬದುಕುವುದು. ನಾನು ಮಾಡ್ತೇನೆ."

ಮಾಡಿಯೂ ಮಾಡಿದ. ಶನಿವಾರವೇ ಮಂಗಳೂರಿಗೆ ಹೋಗಿ ಸಾಮಾನು ತಂದ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಅದನ್ನು ನೋಡಲು ಸಾಧನಾಳನ್ನು ಕರೆದ. ಅವಳು ನೋಡಿದಳು. ಕೂತಿತ್ತು, ನಿಜ. ಆದರೆ ಪೈಪು ಬಿಚ್ಚಿದ್ದರಿಂದ ಒಳಗೆ ಗಾಳಿ ಸೇರಿ, ಪೆಡಲ್ ಹತ್ತಿಯ ದಿಂಬಿನಂತಾಗಿತ್ತು. ಈಗ ಆ ಗಾಳಿಯನ್ನು ಹೊರಗೆ ಬಿಡುವ ಕಾರ್ಯಕ್ರಮ.

"ಒತ್ತು. ಹಿಡಿ. ಹಿಡಿದೇ ಇರು... ಹಾಂ, ಈಗ ಬಿಡು."

ಕ್ಯಾಲಿಪರಿನ ನಿಪ್ಪಲಿಗೆ, ಅಂದರೆ ಗಾಳಿ ಹೊರಬಿಡುವ ಸಣ್ಣ ಮೂತಿಗೆ, ಸಿಕ್ಕಿಸಿದ ಪ್ಲಾಸ್ಟಿಕ್ ಕೊಳವೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿತ್ತು. ಅದರಲ್ಲಿ ಬ್ರೇಕಿನ ಎಣ್ಣೆ ಇಳಿಯುತ್ತಿತ್ತು.

"ನೋಡು, ನೋಡು! ಒಂದು ಗುಳ್ಳೆ ಇಲ್ಲ. ಕ್ಲೀನ್ ಎಣ್ಣೆ. ಗಾಳಿ ಎಲ್ಲ ಹೋಯ್ತು."

"ಪೆಡಲ್ ಮಾತ್ರ ಹಾಗೇ ಉಂಟು" ಎಂದಳು ಸಾಧನಾ.

"ಹಾಗೇ ಅಂದ್ರೆ?"

"ಅಂದ್ರೆ ಕೆಳಗೆ ಹೋಗ್ತದೆ. ಗಾಳಿ ಹೋಗಿದ್ರೆ ಗಟ್ಟಿ ಆಗ್ಬೇಕಲ್ಲ?"

ಶಶಿರಾಜ ಎದ್ದು ಬಂದ. ಹಣೆಯ ದೀಪ ಅವಳ ಕಣ್ಣಿಗೇ ಬಿತ್ತು. ಅವಳನ್ನು ಇಳಿಸಿ ತಾನು ಕುಳಿತು ಪೆಡಲನ್ನು ಪಟಪಟನೆ ನಾಲ್ಕಾರು ಸಲ ತುಳಿದ. ಕೊನೆಯ ಸಲಕ್ಕೆ ಅದು ಮೇಲೆಯೇ ನಿಂತಿತು.

"ಕಲ್ಲು! ನೋಡು, ಕಲ್ಲಿನ ಹಾಗೆ ಉಂಟು. ನಿನ್ನ ಕಾಲಲ್ಲಿ ಬಲ ಇಲ್ಲ, ಅಷ್ಟೆ."

"ಅಷ್ಟು ತುಳಿದ್ರೆ ಯಾವ ಬ್ರೇಕೂ ಗಟ್ಟಿ ಆಗ್ತದೆ. ಸ್ವಲ್ಪ ಹೊತ್ತು ಬಿಟ್ಟು ಒಂದೇ ಸಲ ತುಳಿದು ನೋಡಿ. ರೋಡಿನಲ್ಲಿ ಅಡ್ಡ ಬಂದವರು ನೀವು ನಾಲ್ಕು ಸಲ ತುಳಿಯುವ ತನಕ ಕಾಯ್ತಾರಾ?"

"ನಿನಗೆ ಮೊದಲಿನಿಂದಲೂ ಅಪನಂಬಿಕೆ" ಎಂದ ಶಶಿರಾಜ. ದೊಡ್ಡ ಮನುಷ್ಯನಿಗೆ ಸಣ್ಣವರಿಂದ ನೋವಾದಾಗ ಬರುವ ದನಿ ಅದು. "ಟೆಸ್ಟ್ ಮಾಡಿಯೇ ತೋರಿಸ್ತೇನೆ. ಆಮೇಲೆ ಮಾತಾಡು."

ಚಕ್ರ ಹಾಕಿ, ಜಾಕ್ ಇಳಿಸಿ, ದೀಪವನ್ನೂ ಬಿಚ್ಚದೆ ಕಾರು ಹತ್ತಿದ. ಬೇಡ ಎಂದು ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲು ಬಾಯಿ ಬರಲಿಲ್ಲ. ಹೇಳಿದಷ್ಟೂ ಅವನು ಬೇಗ ಹೋಗುತ್ತಾನೆ ಎಂದು ಗೊತ್ತಿತ್ತು. ಕಾರು ಗೇಟು ದಾಟಿ ಜಕ್ರಿಬೆಟ್ಟಿನ ಇಳಿಜಾರಿನಲ್ಲಿ ಮರೆಯಾಯಿತು. ಅವಳು ಗೇಟಿನ ಹತ್ತಿರ ನಿಂತೇ ಇದ್ದಳು. ಏನಾದರೂ ಶಬ್ದ ಕೇಳುತ್ತದೋ ಎಂದು ಕಿವಿ ಇಳಿಜಾರಿನ ಕಡೆಗಿತ್ತು.

ಹೋದ ಕಾರು ವಾಪಸು ಬರಲು ಬೇಕಾದದ್ದಕ್ಕಿಂತ ಜಾಸ್ತಿಯೇ ಹೊತ್ತು ಹಿಡಿಯಿತು. ಬರುವಾಗ ಮೊದಲನೇ ಗೇರಿನಲ್ಲಿ ಒರಲುತ್ತ ಬಂತು. ಅಂಗಳದಲ್ಲಿ ನಿಂತದ್ದು ಬ್ರೇಕಿನಿಂದಲ್ಲ, ಅಂಗಳದ ಏರುದಾರಿಯಿಂದ. ಶಶಿರಾಜ ಇಳಿದ. ಹಣೆಯ ದೀಪ ಕುತ್ತಿಗೆಗೆ ಜಾರಿತ್ತು. ನೇರ ಒಳಗೆ ಹೋಗಿ, ನಿಂತುಕೊಂಡೇ ಎರಡು ಲೋಟ ನೀರು ಕುಡಿದ.

"ಹೇಗಾಯ್ತು?" ಎಂದಳು ಸಾಧನಾ.

"ಫಸ್ಟ್ ಕ್ಲಾಸ್."

"ಹಿಡೀತದಾ?"

"ಹೇಳಿದೆನಲ್ಲ, ಫಸ್ಟ್ ಕ್ಲಾಸ್ ಅಂತ. ಎಷ್ಟು ಸಲ ಹೇಳ್ಬೇಕು ನಿನಗೆ?" ಎಂದು ಅವಳ ಮುಖ ನೋಡದೆ ಸ್ನಾನಕ್ಕೆ ಹೋದ.

ಸಂಜೆ ಅಶ್ವಿತಾ ಬಂದಳು. ಮರುದಿನದ ಪರೀಕ್ಷೆಗೆ ಮೊದಲು ಕೊನೆಯ ಒಂದು ಸುತ್ತು ಓಡಿಸಿ ನೋಡುವುದೆಂದು ಮಾತಾಗಿತ್ತು. ಅವಳು ಸಿದ್ಧಕಟ್ಟೆಯ ಕಡೆಯ ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದವಳು. ಒಂದು ಸಲ ಪರೀಕ್ಷೆಯಲ್ಲಿ ಫೇಲಾಗಿ, ಮನೆಯಲ್ಲಿ ಅಣ್ಣಂದಿರ ಬಾಯಿಗೆ ಸಿಕ್ಕಿ ಸೋತುಹೋಗಿದ್ದಳು. ಬಂದವಳೇ "ಅಕ್ಕ, ಹೆದರಿಕೆ ಆಗ್ತಾ ಉಂಟು" ಎಂದಳು.

ಜಗಲಿಯಲ್ಲಿ ಶುಭ್ರ ಬಿಳಿ ಅಂಗಿ ತೊಟ್ಟು ಕುಳಿತಿದ್ದ ಶಶಿರಾಜ ದೊಡ್ಡ ದನಿಯಲ್ಲಿ ಹೇಳಿದ: "ಎಂತ ಹೆದರಿಕೆ? ಇವತ್ತು ಬ್ರೇಕು ನಾನೇ ಹೊಸದಾಗಿ ಮಾಡಿದ್ದೇನೆ. ಧೈರ್ಯದಲ್ಲಿ ಹೋಗು. ಪೇಟೆ ತನಕ ಹೋಗಿ ಬನ್ನಿ."

ಅಶ್ವಿತಾ ಬಲಗಡೆ ಹತ್ತಿದಳು. ಸಾಧನಾ ಎಡಗಡೆಯ ಬಾಗಿಲು ತೆರೆದವಳು ಹಾಗೆಯೇ ನಿಂತಳು. ಕೈಬ್ರೇಕು ಕಣ್ಣಿಗೆ ಬಿತ್ತು. ಅವಳು ಎಂದೂ ಅದನ್ನು ಅಷ್ಟು ಎಳೆಯುತ್ತಿರಲಿಲ್ಲ. ಬುಡದಿಂದ ಕಿತ್ತು ಬರುವ ಹಾಗೆ ನೆಟ್ಟಗೆ ನಿಂತಿತ್ತು. ಕಾರಿನ ಮುಂದಕ್ಕೆ ಹೋಗಿ ನೋಡಿದಳು. ಬಂಪರಿನ ಕೆಳಗೆ, ನಂಬರ್ ಪ್ಲೇಟಿನ ಸಂದಿಯಲ್ಲಿ, ಒದ್ದೆ ಮರಳು ಮೆತ್ತಿಕೊಂಡಿತ್ತು. ಇಳಿಜಾರಿನ ತಿರುವಿನಲ್ಲಿ ಯಾರೋ ಮನೆ ಕಟ್ಟಲು ಹೊಯಿಗೆ ರಾಶಿ ಹಾಕಿದ್ದರು. ರಾಶಿಯಿಂದ ಆಚೆಗೆ ಅಂಗನವಾಡಿ.

ಅವಳು ವಾಪಸು ಬಂದು ತನ್ನ ಸೀಟಿನಲ್ಲಿ ಕುಳಿತು, ಎಡಗಡೆಯ ಪೆಡಲ್ ಮೇಲೆ ಕಾಲಿಟ್ಟು ಒಂದೇ ಸಲ ಒತ್ತಿದಳು. ಕಾಲು ಎಲ್ಲೂ ತಡೆಯದೆ ನೆಲದ ಚಾಪೆಯವರೆಗೆ ಇಳಿದುಹೋಯಿತು.

ಅವಳಿಗೆ ಆ ಗಳಿಗೆಯಲ್ಲಿ ಸಿಟ್ಟು ಬರಲಿಲ್ಲ. ಬ್ರೇಕು ಸರಿಯಾಗದ್ದು ದೊಡ್ಡದಲ್ಲ. ಹತ್ತು ಕೆಲಸ ಕೆಡಿಸಿದವನು ಹನ್ನೊಂದನೆಯದನ್ನೂ ಕೆಡಿಸಿದ. ಆದರೆ ಇವನಿಗೆ ಗೊತ್ತಿತ್ತು. ಹೊಯಿಗೆ ರಾಶಿಗೆ ಮುಖ ಕೊಟ್ಟು ನಿಲ್ಲಿಸಿ, ಕೈಬ್ರೇಕು ಎಳೆದುಕೊಂಡು ಮನೆ ಸೇರಿ, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ಈ ಹುಡುಗಿಗೆ 'ಧೈರ್ಯದಲ್ಲಿ ಹೋಗು' ಅಂದ.

"ಅಶ್ವಿತಾ, ನೀನು ಇಳಿ" ಎಂದಳು. ಆಮೇಲೆ ಜಗಲಿಯ ಕಡೆ ತಿರುಗಿ, ಕ್ಲಾಸಿನಲ್ಲಿ ಹೊಸಬರನ್ನು ಕರೆಯುವ ಅದೇ ಸಮಾಧಾನದ ದನಿಯಲ್ಲಿ ಕರೆದಳು: "ನೀವು ಬನ್ನಿ. ಹತ್ತಿ."

"ಯಾರು? ನಾನಾ?"

"ಹೌದು. ನೀವೇ ಮಾಡಿದ ಬ್ರೇಕಲ್ವಾ? ನೀವು ಓಡಿಸಿ, ನಾನು ಪಕ್ಕ ಕೂತ್ಕೊಳ್ತೇನೆ. ಪೇಟೆ ತನಕ ಹೋಗಿ ಬರುವ. ಇವಳು ನೋಡಿ ಕಲೀಲಿ."

"ಈಗ ಯಾಕೆ? ನಾನು ಸ್ನಾನ ಮಾಡಿ ಆಗಿದೆ."

"ಸ್ನಾನ ಮಾಡಿದವರು ಕಾರು ಓಡಿಸ್ಬಾರ್ದು ಅಂತ ಉಂಟಾ?"

"ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಬೆನ್ನು ನೋವು ಮಾರಾಯ್ತಿ. ನೀವು ಹೋಗಿ ಬನ್ನಿ."

"ಪೇಟೆ ಬೇಡ. ಕೆಳಗೆ ತಿರುವಿನ ತನಕ."

ತಿರುವು ಎಂದ ಕೂಡಲೇ ಶಶಿರಾಜನ ಮುಖದ ಬಣ್ಣ ಹೋಯಿತು. ಅವನು ಎದ್ದು ನಿಂತ. ನಿಂತವನು ಮುಂದೆ ಬರಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡ. ಅಶ್ವಿತಾ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡುತ್ತ ಕಾರಿನ ಪಕ್ಕದಲ್ಲಿ ನಿಂತಿದ್ದಳು.

"ಹೇಳಿ" ಎಂದಳು ಸಾಧನಾ. "ಇವಳು ಹೋಗ್ಬಹುದು, ನಾನು ಹೋಗ್ಬಹುದು. ನೀವು ಯಾಕೆ ಹತ್ತುದಿಲ್ಲ?"

"ಅಲ್ಲ... ಸ್ವಲ್ಪ ಅಡ್ಜಸ್ಟ್ ಆಗ್ಲಿಕ್ಕೆ ಉಂಟು. ಹೊಸ ಸಾಮಾನಲ್ವಾ. ಓಡಿದ ಹಾಗೆ ಸರಿಯಾಗ್ತದೆ."

"ಓಡಿದ ಹಾಗೆ. ಯಾರು ಓಡಿಸಿದ ಹಾಗೆ?"

ಅವನು ಅಂಗಿಯ ತೋಳು ಸರಿಮಾಡಿಕೊಂಡ.

"ಹಿಡೀತದಾ, ಇಲ್ವಾ? ಒಂದು ಮಾತು."

"ಹಿಡೀಲಿಲ್ಲ" ಎಂದ ಶಶಿರಾಜ, ತೀರ ಸಣ್ಣ ದನಿಯಲ್ಲಿ. ಕೂಡಲೇ ಸೇರಿಸಿದ: "ನಾನು ನಿನಗೆ ಹೇಳುವವನೇ ಇದ್ದೆ."

"ಯಾವಾಗ?"

ಆ ಪ್ರಶ್ನೆಯನ್ನು ಅವಳು ಕೂಗಿ ಕೇಳಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಹೆಂಡತಿ ಬೇರೆಯವರ ಎದುರು ಮರ್ಯಾದೆ ತೆಗೆದಳು ಎಂದು ತಾನೂ ಕೂಗಿ, ಜಗಳವೆಬ್ಬಿಸಿ, ಊಟ ಬಿಟ್ಟು, ಎರಡು ದಿನ ಮುಖ ಊದಿಸಿಕೊಂಡು ಕೂರಬಹುದಿತ್ತು. ಅವಳು ಅಷ್ಟೂ ಕೊಡಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಬೀಡಿನ, ಹಳೆಯ ಜಮೀನ್ದಾರಿಕೆಯ ಮನೆತನದವನು, ಮೂಡುಬಿದಿರೆಯ ಕಡೆ ಒಳ್ಳೆಯ ಹೆಸರಿನವರು ಎಂದು ಎಲ್ಲರೂ ಹೊಗಳಿದ ಈ ಮನುಷ್ಯನ ಎದುರು ಜೋರಾಗಿ ಉಸಿರಾಡಲೂ ಅವಳು ಅಂಜುತ್ತಿದ್ದಳು. ಈಗ ಕಂಬ ಹಿಡಿದು ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಳಿ ಅಂಗಿಗೆ ಇಸ್ತ್ರಿ ಚೆನ್ನಾಗಿ ಬಿದ್ದಿತ್ತು. ಅದನ್ನು ಹಾಕಿದವಳೂ ಅವಳೇ.

"ನಾಳೆ ಪರೀಕ್ಷೆಗೆ ಕಾರಿಲ್ಲ" ಎಂದು ಅವಳು ಅಶ್ವಿತಾಳಿಗೆ ಹೇಳಿದಳು. "ಬೇರೆ ದಿನ ತೆಗೆದುಕೊಡ್ತೇನೆ. ಅಣ್ಣಂದಿರಿಗೆ ನಾನೇ ಫೋನ್ ಮಾಡಿ ಹೇಳ್ತೇನೆ, ತಪ್ಪು ನಮ್ಮದು ಅಂತ."

"ಪರವಾಗಿಲ್ಲ ಅಕ್ಕ" ಎಂದಳು ಅಶ್ವಿತಾ. ಗೇಟಿನವರೆಗೆ ಹೋದವಳು ಒಮ್ಮೆ ತಿರುಗಿ ಶಶಿರಾಜನನ್ನು ನೋಡಿದಳು. ಕ್ಲಾಸಿನಲ್ಲಿ ಉತ್ತರ ಗೊತ್ತಿಲ್ಲದ ಮಗುವನ್ನು ಟೀಚರ್ ನೋಡುವ ನೋಟವಲ್ಲ ಅದು, ಅದಕ್ಕಿಂತ ಕೆಟ್ಟದ್ದು. ಅವನು ಅದನ್ನು ಕಂಡ. ಕಂಡು ಒಳಗೆ ಹೋದ.

ಮರುದಿನ ಸಾಧನಾ ಏಳುವ ಹೊತ್ತಿಗೆ ಅಂಗಳದಲ್ಲಿ ಸ್ಪಾನರಿನ ಸದ್ದು. ಕಾಫಿಯ ಲೋಟ ಹಿಡಿದು ಹೊರಗೆ ಬಂದರೆ ಶಶಿರಾಜ ಮತ್ತೆ ಚಕ್ರ ಬಿಚ್ಚಿದ್ದ. ಈ ಸಲ ದೀಪವಿಲ್ಲ, ಗವಸಿಲ್ಲ, ಮೊಬೈಲೂ ಇಲ್ಲ. ಕೈತುಂಬ ಕರಿ. ಅವಳನ್ನು ಕಂಡು ಮಗುವಿನಂತೆ ಅರಳಿ ಹೇಳಿದ:

"ಸಾಧನಾ, ಸಿಕ್ಕಿತು! ಎಡ ಬಲ ಅದಲುಬದಲಾಗಿತ್ತು. ಎಡಗಡೆಯದನ್ನು ಬಲಕ್ಕೆ ಹಾಕಿದ್ದೆ. ನಿಪ್ಪಲ್ ಮೇಲೆ ಬರ್ಬೇಕು, ನನ್ನದು ಕೆಳಗೆ ಬಂದಿತ್ತು. ಗಾಳಿ ಮೇಲೆ ಕೂತಿರ್ತದೆ, ನಾವು ಕೆಳಗಿನಿಂದ ಬರೀ ಎಣ್ಣೆ ತೆಗೀತಾ ಇದ್ದದ್ದು. ಅದಕ್ಕೇ ಗುಳ್ಳೆ ಬಾರದ್ದು! ಈಗ ಬದಲಿಸಿದ್ದೇನೆ. ಸ್ವಲ್ಪ ಪೆಡಲ್ ಒತ್ತುತ್ತೀಯಾ?"

ಅವಳು ಕಾಫಿ ಪೂರ್ತಿ ಕುಡಿದು, ಲೋಟವನ್ನು ಜಗಲಿಯಲ್ಲಿಟ್ಟು, ಹೋಗಿ ಕುಳಿತಳು.

ಈ ಸಲ ಒತ್ತಿದ ಕೂಡಲೇ ಬಾಟಲಿಯಲ್ಲಿ ಬುಳುಬುಳು ಎಂದಿತು. ಶಶಿರಾಜ ಕೋಳಿಕಾಳಗದಲ್ಲಿ ಗೆದ್ದ ಕೋಳಿಯ ಯಜಮಾನನಂತೆ ಕೂಗಿದ. "ಬಂತು! ಗಾಳಿ ಬಂತು! ಹಿಡಿ... ನಾನು ಬಿಗಿ ಮಾಡಿದೆ. ಈಗ ಬಿಡು." ಪ್ರತಿಸಲವೂ ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಿದ. ಮೇಲಿನ ಡಬ್ಬಿಯಲ್ಲಿ ಎಣ್ಣೆ ಇಳಿಯುವ ಮೊದಲೇ ತಾನಾಗಿ ಹೊಯ್ದ. ಒಂದು ಚಕ್ರ ಮುಗಿಸಿ ಇನ್ನೊಂದಕ್ಕೆ ಹೋದ. ಗುಳ್ಳೆಗಳು ಸಣ್ಣವಾಗುತ್ತ ಬಂದು ನಿಂತವು. ಸಾಧನಾಳ ಕಾಲಿನ ಅಡಿಯಲ್ಲಿ ಪೆಡಲ್ ಒಂದೊಂದೇ ಸಲ ಮೇಲೆ ಬಂತು. ಕೊನೆಗೆ ಅರ್ಧಕ್ಕೂ ಮೊದಲೇ, ಎಷ್ಟೋ ತಿಂಗಳ ಹಿಂದೆ ಇದ್ದ ಜಾಗದಲ್ಲಿ, ಗಟ್ಟಿಯಾಗಿ ನಿಂತಿತು. ಅವಳು ಕಾಲು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದೇ ಸಲ ಒತ್ತಿದಳು. ಅಲ್ಲಿಯೇ ನಿಂತಿತು. ಕಾಲಿಗೆ ಸಂಶಯವೇ ಉಳಿಯಲಿಲ್ಲ.

"ಹೇಗುಂಟು?" ಎಂದ ಶಶಿರಾಜ, ಕಿಟಕಿಯ ಹತ್ತಿರ ಬಂದು. ಮುಖ ತುಂಬ ಬೆವರು. ಅವನು ಏನನ್ನು ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಒಂದು ಒಳ್ಳೆಯ ಮಾತು. ಅದರ ಜೊತೆ ನಿನ್ನೆಯದೆಲ್ಲ ತೊಳೆದು ಹೋಗಬೇಕು. ಕೆಲಸ ಸರಿಯಾಯಿತಲ್ಲ, ಇನ್ನೇನು?

"ಸರಿ ಉಂಟು" ಎಂದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಿರಲಿಲ್ಲ. "ಕೈ ತೊಳ್ಕೊಂಡು ಬನ್ನಿ, ತಿಂಡಿ ತಣಿಯುತ್ತದೆ."

"ಅಷ್ಟೆಯಾ?"

"ಮಧ್ಯಾಹ್ನ ಹನೀಫಾ ಬರ್ತಾನೆ. ಅವನು ಒಮ್ಮೆ ನೋಡ್ಲಿ."

"ಇನ್ನೂ ಹನೀಫಾ ಯಾಕೆ? ನೀನೇ ಸರಿ ಉಂಟು ಅಂತ ಹೇಳಿದ್ಯಲ್ಲ?"

"ಬ್ರೇಕು ಸರಿ ಉಂಟು ಅಂತ ಹೇಳಿದೆ" ಎಂದು ಅವಳು ಇಳಿದು ಹೋದಳು.

ಹನೀಫಾ ಬಂದು, ಕಾರನ್ನು ಒಂದು ಸುತ್ತು ಓಡಿಸಿ, ಸರಿಯಾಗಿದೆ ಎಂದ. ಚೆನ್ನಾಗಿ ಮಾಡಿದ್ದಾರೆ ಎಂದೂ ಹೇಳಿದ. ಮದುವೆ ಮನೆಯಿಂದ ತಂದ ಸಿಹಿಯ ಪೊಟ್ಟಣ ಕೊಟ್ಟು ಹೋದ. ಶಶಿರಾಜ ಅವನನ್ನು ಗೇಟಿನ ತನಕ ಕಳಿಸಿಬಂದು, ಒಂದು ವಾರ ಆ ಮಾತಿನ ಮೇಲೆಯೇ ಬದುಕಿದ. ಅಶ್ವಿತಾಳಿಗೆ ಬೇರೆ ದಿನ ಸಿಕ್ಕಿತು. ಅವಳು ಪಾಸಾದಳು. ಪಾಸಾದ ಸುದ್ದಿ ಹೇಳಲು ಫೋನ್ ಮಾಡಿದಳು. ಮನೆಗೆ ಬರುತ್ತೇನೆಂದು ಮಾತ್ರ ಹೇಳಲಿಲ್ಲ. ಪಾಸಾದವರೆಲ್ಲ ಸ್ವೀಟ್ ಹಿಡಿದುಕೊಂಡು ಆ ಜಗಲಿಗೆ ಬರುವುದು ವಾಡಿಕೆಯಾಗಿತ್ತು.

ಆ ತಿಂಗಳ ಕೊನೆಗೆ ತೋಡಾರಿನಲ್ಲಿ ಶಶಿರಾಜನ ದೊಡ್ಡಪ್ಪ ಸನತ್‌ಕುಮಾರರ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ನೆಂಟರೆಲ್ಲ ಸೇರಿದ್ದರು. ಪೂಜೆ ಮುಗಿದು ಗಂಡಸರೂ ಹೆಂಗಸರೂ ಎದುರುಬದುರಾಗಿ ಎಲೆಯ ಮುಂದೆ ಕುಳಿತಾಗ ದೊಡ್ಡಪ್ಪ, ಯಾರದ್ದೋ ಕಾರು ಗ್ಯಾರೇಜಿನಲ್ಲಿ ಬಿದ್ದ ಮಾತೆತ್ತಿದರು. ಶಶಿರಾಜ ಅದನ್ನೇ ಕಾಯುತ್ತಿದ್ದವನಂತೆ ಸುರು ಮಾಡಿದ.

"ಗ್ಯಾರೇಜಿಗೆ ಯಾಕೆ ಹೋಗ್ಬೇಕು ದೊಡ್ಡಪ್ಪ? ಮೊನ್ನೆ ನಮ್ಮ ಕಾರಿನ ಬ್ರೇಕು ಪೂರ್ತಿ ನಾನೇ ಮನೆಯಲ್ಲಿ ಮಾಡಿದೆ. ಹೊಸ ಕ್ಯಾಲಿಪರ್ ಹಾಕಿ, ಏರ್ ತೆಗೆದು. ಅದು ಎಲ್ಲರಿಗೂ ಆಗುವ ಕೆಲಸ ಅಲ್ಲ. ಮೊದಲನೇ ದಿನ ಸ್ವಲ್ಪ ತೊಂದರೆ ಆಯ್ತು. ಇವಳು ಪೆಡಲ್ ಬೇಗ ಬೇಗ ಬಿಟ್ಟಳು, ಅದಕ್ಕೆ ಗಾಳಿ ವಾಪಸ್ ಹೋಯ್ತು..."

ಹೇಳುತ್ತ ಹೇಳುತ್ತ ಅವನ ಕಣ್ಣು ಸಾಧನಾಳ ಮೇಲೆ ಬಿತ್ತು. ಮಾತು ಒಂದು ಗಳಿಗೆ ತಡವರಿಸಿತು. ಹೊಯಿಗೆ ರಾಶಿ, ಬಿಳಿ ಅಂಗಿ, ಜಗಲಿಯ ಕಂಬ, ಎಲ್ಲವೂ ಅವನ ಆ ನೋಟದಲ್ಲಿ ಸಾಲಾಗಿ ಹಾದುಹೋದದ್ದನ್ನು ಅವಳು ಕಂಡಳು. ಎದುರಿನ ಸಾಲಿನಲ್ಲಿ ಹತ್ತು ಹದಿನೈದು ಮಂದಿ ನೆಂಟರು. ಅವಳ ಒಂದು ಮಾತು ಸಾಕಿತ್ತು.

"ಹೌದಾ ಸಾಧನಾ?" ಎಂದು ಪಕ್ಕದಲ್ಲಿ ಕುಳಿತಿದ್ದ ದೊಡ್ಡಮ್ಮ ಕಮಲಾವತಿ ನಗುತ್ತ ಕೇಳಿದರು. "ನಿನ್ನಿಂದಲೇ ಹಾಳಾದದ್ದಾ? ಊರಿಗೆಲ್ಲ ಡ್ರೈವಿಂಗ್ ಕಲಿಸುವವಳು ನೀನು!"

ಅವಳು ಬಾಯಿ ತೆರೆದಳು. ಹಿಂದೆಲ್ಲ ಇಂಥ ಕಡೆ ಅವಳು ಬಿಡುತ್ತಿರಲಿಲ್ಲ. ಮಿಕ್ಸಿಯ ಕತೆಯನ್ನೂ ಜೇನಿನ ಕತೆಯನ್ನೂ ಇದೇ ನೆಂಟರ ಎದುರು ಅವಳು ತಿದ್ದಿದ್ದಳು, ಅವನು ಮುನಿದಿದ್ದ, ದಾರಿಯುದ್ದಕ್ಕೂ ಜಗಳವಾಗಿ ಮನೆ ಸೇರುವಾಗ ಇಬ್ಬರೂ ನಕ್ಕದ್ದೂ ಇತ್ತು. ಈಗ ನಾಲಿಗೆಯ ತುದಿಗೆ ಬಂದ ಮಾತಿಗೆ ಹೊರಗೆ ಹೋಗುವ ಆಸೆಯೇ ಇರಲಿಲ್ಲ. ಈ ಮನುಷ್ಯ ತನ್ನ ಬಗ್ಗೆ ಏನು ಹೇಳಿದರೆ ಏನು? ಯಾರು ನಂಬಿದರೆ ಏನು?

"ಹೌದು ದೊಡ್ಡಮ್ಮ" ಎಂದಳು. "ಇವರಿಗೆ ಎಲ್ಲ ಗೊತ್ತುಂಟು."

ಶಶಿರಾಜ ನಿರಾಳವಾಗಿ ಉಸಿರುಬಿಟ್ಟ. ಹೆಂಡತಿ ತನ್ನ ಮಾನ ಉಳಿಸಿದಳೆಂದು ಅವನ ಮುಖ ಕೃತಜ್ಞತೆಯಿಂದ ಅಗಲವಾಯಿತು. ಅದನ್ನು ನೋಡಿ ಅವಳಿಗೆ ಮೊದಲ ಸಲ ಸ್ವಲ್ಪ ಹೆದರಿಕೆಯಾಯಿತು. ಅವಳಿಗೆ ತನ್ನ ಮೇಲೆ ಸಿಟ್ಟೂ ಉಳಿದಿಲ್ಲವೆಂದು ಅವನಿಗೆ ಗೊತ್ತೇ ಆಗಿರಲಿಲ್ಲ.

ವಾಪಸು ಹೋಗುವಾಗ ಕಾರು ಓಡಿಸಿದ್ದು ಅವಳು. ಶಶಿರಾಜ ಪಾಯಸ ಜಾಸ್ತಿಯಾಗಿ ಎಡಗಡೆಯ ಸೀಟನ್ನು ಹಿಂದಕ್ಕೆ ಸರಿಸಿ ಕಾಲು ಚಾಚಿ ಕುಳಿತಿದ್ದ. ದೊಡ್ಡಪ್ಪನ ಮನೆಯ ಪಂಪು ಸರಿಯಾಗಿ ನೀರೆತ್ತುವುದಿಲ್ಲವಂತೆ, ಮುಂದಿನ ಭಾನುವಾರ ತಾನೇ ಹೋಗಿ ಬಿಚ್ಚಿ ನೋಡುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದ. ಅವಳು ಹೂಂ ಎಂದಳು. ಪಂಪಿನ ಒಳಗೆ ಏನೇನಿರುತ್ತದೆ ಎಂದು ಅವನು ಸಿದ್ಧಕಟ್ಟೆ ದಾಟುವ ತನಕ ವಿವರಿಸಿದ. ಅವಳು ಮತ್ತೆ ಹೂಂ ಎಂದಳು. ಎದುರಿನಿಂದ ಬಸ್ಸು ಬಂತು; ಅವಳು ವೇಗ ಇಳಿಸಿ, ಬದಿಗೆ ಸರಿದು, ದಾರಿ ಬಿಟ್ಟಳು.